ಗ್ರಂಥಾಲಯದ ಕಾರ್ಯಕ್ರಮಕ್ಕೆ ಯಾರನ್ನು ಕರೆಯೋಣ?

ಪ್ರಶ್ನೆ: ನಮ್ಮ ಪಂಚಾಯತ್ ಗ್ರಂಥಾಲಯದಲ್ಲಿ ಮಕ್ಕಳು, ಹೈಸ್ಕೂಲು-ಪಿಯುಸಿಯವರು, ದೊಡ್ಡವರು ಎಲ್ಲರೂ ಸೇರುವಂಥ ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಅತಿಥಿಯಾಗಿ ಯಾರನ್ನು ಕರೆದರೆ ಜನ ಜಾಸ್ತಿ ಬರ್ತಾರೆ?
(ಯುವಕ ಮಂಡಲದ ಸದಸ್ಯರೊಬ್ಬರು, ಉಡುಪಿ ಜಿಲ್ಲೆ)

ಯಾರನ್ನೂ ಕರೆಯಬೇಡಿ.

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ನನಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಅಲ್ವಾ, ಅದಕ್ಕೆ. ಕಟಪಾಡಿಯಿಂದ ಕೇಳ್ತಾರೆ, ಮೂಲ್ಕಿಯಿಂದ ಕೇಳ್ತಾರೆ, ಸುರತ್ಕಲ್‌ನಿಂದ ಕೇಳ್ತಾರೆ. ಯಾವ ಪುಸ್ತಕ ಓದಿಸೋಣ ಅಂತ ಕೇಳುವವರು ಅಪರೂಪ. ಎಷ್ಟು ಗಂಟೆಗೆ ಇಟ್ಟರೆ ಹೆಂಗಸರಿಗೆ ಬರಲಿಕ್ಕೆ ಆಗುತ್ತದೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಎಲ್ಲರಿಗೂ ಬೇಕಾದದ್ದು ಅತಿಥಿಯ ಹೆಸರು. ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಸರಿಯಾಗಿ ಬರೆದೇ ಬಿಡುತ್ತೇನೆ.

ದೊಡ್ಡ ಅತಿಥಿ ಬಂದರೆ ಜನ ಬರ್ತಾರೆ, ಜನ ಬಂದರೆ ಗ್ರಂಥಾಲಯ ಬೆಳೆಯುತ್ತದೆ. ಈ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಬೇರು ಬಿಟ್ಟಿದೆ. ನಮ್ಮೂರಲ್ಲಿ ಸಭೆ ಅಂದರೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ಸನ್ಮಾನ, ಧನ್ಯವಾದ. ದೇವಸ್ಥಾನದ ಬ್ರಹ್ಮಕಲಶಕ್ಕೂ ಶಾಲಾ ವಾರ್ಷಿಕೋತ್ಸವಕ್ಕೂ ಅದು ಸರಿಯೇ. ಅಲ್ಲಿ ಗೌರವ ಸಲ್ಲಿಸುವುದೇ ಮುಖ್ಯ ಕೆಲಸ. ಗ್ರಂಥಾಲಯದ ಕೆಲಸ ಬೇರೆ. ಬಂದವರ ಕೈಗೆ ಅವರಿಗೆ ಬೇಕಾದ ಪುಸ್ತಕ ಸಿಗಬೇಕು, ಅವರು ಇನ್ನೊಂದು ಸಲ ಬರಬೇಕು. ಅಷ್ಟೇ.

ನಾನೂ ಒಂದು ಕಾಲಕ್ಕೆ ಸಭೆಯನ್ನೇ ಮಾಡಿಸಿದವಳು. ಒಂದು ವರ್ಷದ ಸಪ್ತಾಹದ ಉದ್ಘಾಟನೆ ಇನ್ನೂ ಕಣ್ಣ ಮುಂದೆ ಉಂಟು. ಆಮಂತ್ರಣದಲ್ಲಿ ಹತ್ತು ಗಂಟೆ ಅಂತ ಹಾಕಿದ್ದೆವು. ಹತ್ತಿರದ ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸಿದೆವು. ಅತಿಥಿಗಳು ಬರುವಾಗ ಹನ್ನೊಂದೂವರೆ. ಒಳಗೆ ಜಾಗ ಕಡಿಮೆ, ಹಾಗಾಗಿ ಫ್ಲೆಕ್ಸನ್ನು ಪುಸ್ತಕದ ಕಪಾಟುಗಳ ಎದುರಿಗೇ ಇಳಿಬಿಟ್ಟಿದ್ದೆವು. ಒಂದು ಗಂಟೆಗೆ ಎಲ್ಲ ಮುಗಿಯಿತು. ಮಕ್ಕಳು ಲಾಡು ತಿಂದು, ಕೈ ತೊಳೆದು, ಹೊರಗೆ ಸಾಲು ನಿಂತರು. ನಾನು ಫ್ಲೆಕ್ಸ್ ಬಿಚ್ಚಲು ಹೋದೆ. ಅದರ ಹಿಂದೆ ಒಬ್ಬಳು ಹುಡುಗಿ. ಆರನೇ ಕ್ಲಾಸೋ ಏಳನೇ ಕ್ಲಾಸೋ ಇರಬೇಕು. ಕಪಾಟಿಗೂ ಫ್ಲೆಕ್ಸಿಗೂ ನಡುವೆ ಒಂದೂವರೆ ಅಡಿ ಜಾಗ. ಅಲ್ಲಿ ಮೊಣಕಾಲು ಮಡಚಿ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡಿದ್ದಳು.

"ಟೀಚರ್, ಇದನ್ನು ಮನೆಗೆ ಕೊಡ್ತೀರಾ?"

"ಇವತ್ತು ಕಾರ್ಯಕ್ರಮ ಅಲ್ವಾ ಮಗಾ, ಪುಸ್ತಕ ಕೊಡುವುದಿಲ್ಲ. ನಾಳೆ ಬಾ" ಅಂದೆ.

ತೆಗೆದ ಜಾಗದಲ್ಲೇ ಪುಸ್ತಕ ಇಟ್ಟು ಸಾಲಿಗೆ ಓಡಿದಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಆ ಇಡೀ ಸಭೆಯಲ್ಲಿ ಗ್ರಂಥಾಲಯವನ್ನು ಬಳಸಿದವಳು ಅವಳೊಬ್ಬಳು. ಅವಳನ್ನೇ ನಾನು ಬರಿಗೈಯಲ್ಲಿ ಕಳಿಸಿದೆ. ಅತಿಥಿಯ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಮಗು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಕರೆಸಿಕೊಂಡ ಎಸ್. ಆರ್. ರಂಗನಾಥನ್ ಅವರ ಫೋಟೋಗೆ ಪ್ರತಿ ಆಗಸ್ಟ್ 12ಕ್ಕೆ ನಾವು ಹಾರ ಹಾಕುತ್ತೇವೆ. ಅವರು ಮೊದಲು ಗಣಿತದ ಮಾಸ್ಟ್ರು. 1917ರಲ್ಲಿ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿಗೆ. ಈಗ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು ಅಂತೇವಲ್ಲ, ಅದೇ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಗ್ರಂಥಾಲಯ ಹೇಗಿರಬೇಕು ಅಂತ ಹೇಳುವ ಅವರ ಐದು ಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. ಮೊದಲನೆಯ ಸೂತ್ರ: ಪುಸ್ತಕ ಇರುವುದು ಬಳಸಲಿಕ್ಕೆ. ನಾಲ್ಕನೆಯದು: ಓದುಗರ ಸಮಯ ಉಳಿಸಿ. ನಾವು ಆ ದಿನ ಪುಸ್ತಕದ ಎದುರಿಗೆ ಫ್ಲೆಕ್ಸ್ ಕಟ್ಟಿದೆವು, ಓದುವ ಮಕ್ಕಳನ್ನು ಒಂದೂವರೆ ಗಂಟೆ ಸುಮ್ನೆ ಕೂರಿಸಿದೆವು. ಒಂದೇ ಬೆಳಿಗ್ಗೆಯಲ್ಲಿ ಎರಡು ಸೂತ್ರ ಮುರಿದೆವು.

"ಪೇಪರಿನಲ್ಲಿ ಫೋಟೋ ಬರುತ್ತದಲ್ಲ, ಪ್ರಚಾರ ಆಗುತ್ತದಲ್ಲ" ಅಂತ ನೀವು ಕೇಳುತ್ತೀರಿ ಅಂತ ಗೊತ್ತು. ಒಂದು ಕೆಲಸ ಮಾಡಿ. ಕಳೆದ ಸಪ್ತಾಹ ಮುಗಿದ ಮೇಲಿನ ಹದಿನೈದು ದಿನದ ರಿಜಿಸ್ಟರ್ ತೆಗೆದು ನೋಡಿ. ಎಷ್ಟು ಹೊಸ ಹೆಸರು ಸೇರಿದೆ? ಎಷ್ಟು ಪುಸ್ತಕ ಹೊರಗೆ ಹೋಗಿದೆ? ನಾನು ನೋಡಿದ್ದೇನೆ. ಸಭೆಯ ಹಿಂದಿನ ವಾರಕ್ಕೂ ಮುಂದಿನ ವಾರಕ್ಕೂ ವ್ಯತ್ಯಾಸವೇ ಇರಲಿಲ್ಲ. ಅತಿಥಿಗಾಗಿ ಬಂದವರು ಅತಿಥಿಯ ಜೊತೆಯೇ ಹೋಗುತ್ತಾರೆ. ಶಾಲು, ಹಾರ, ಸ್ಮರಣಿಕೆ, ಮೈಕು, ಫ್ಲೆಕ್ಸ್‌ಗೆ ಹಾಕಿದ ದುಡ್ಡಿನಲ್ಲಿ ಮಕ್ಕಳ ಚಿತ್ರಪುಸ್ತಕದ ಒಂದು ಸಾಲೇ ತುಂಬುತ್ತಿತ್ತು.

ಹಾಗಾದರೆ ಬರಹಗಾರರನ್ನು ಕರೆಯಲೇಬಾರದಾ? ಕರೆಯಿರಿ, ಸಂತೋಷ. ಆದರೆ ಒಂದು ತಿಂಗಳು ಮೊದಲೇ ಅವರ ಪುಸ್ತಕ ನಾಲ್ಕು ಜನರ ಕೈಯಲ್ಲಿ ತಿರುಗಿರಬೇಕು. ಅವರೂ ನಮ್ಮ ಜೊತೆ ಚಾಪೆಯಲ್ಲಿ ಕೂರಲಿ. ಓದಿದವರು ಕೇಳಲಿ, ಅವರು ಹೇಳಲಿ. ಒಳ್ಳೆಯ ಬರಹಗಾರರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಡ.

ಇನ್ನು ಏನು ಮಾಡಬಹುದು ಅಂತ ನೋಡೋಣ. ಮೊದಲು ಊರಿನ ಗಡಿಯಾರ ನೋಡಿ. ಶಂಕರಪುರದ ಕಡೆಯಾದರೆ ಬೆಳಿಗ್ಗೆ ಹೆಂಗಸರೆಲ್ಲ ಮಲ್ಲಿಗೆ ಕೊಯ್ದು ಕಟ್ಟುವ ಗಡಿಬಿಡಿಯಲ್ಲಿರುತ್ತಾರೆ, ಆಗ ಯಾರೂ ಬರುವುದಿಲ್ಲ. ಮಲ್ಪೆಯ ಕಡೆಯಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಇಲ್ಲ, ಬೋಟಿಗೆ ಹೋಗುವ ಗಂಡಸರು ಮನೆಯಲ್ಲಿ ಸಿಗುವ ಕಾಲ ಅದು. ಮಕ್ಕಳಿಗೆ ಶನಿವಾರ ಮಧ್ಯಾಹ್ನ ಒಳ್ಳೆಯದು. ಮದ್ರಸಾ, ಚರ್ಚಿನ ಧರ್ಮಪಾಠ, ಭಜನೆಯ ಹೊತ್ತನ್ನು ಕೇಳಿ ತಿಳಿದುಕೊಳ್ಳಿ. ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತಲೂ.

ದೊಡ್ಡವರ ಕಾರ್ಯಕ್ರಮದಲ್ಲಿ ನನಗೆ ಅತಿ ಇಷ್ಟವಾದದ್ದು ಗಟ್ಟಿಯಾಗಿ ಓದುವುದು. ಕೇರಳದ ಬೀಡಿ ಕಾರ್ಖಾನೆಗಳಲ್ಲಿ ಒಬ್ಬರು ಪೇಪರ್, ಕತೆ ಓದುವುದು, ಉಳಿದವರು ಕೇಳುತ್ತಾ ಬೀಡಿ ಕಟ್ಟುವುದು ಅಂತ ಒಂದು ಪದ್ಧತಿ ಇತ್ತು. ನಮ್ಮಲ್ಲಿ ಹೆಂಗಸರು ಮನೆಮನೆಯಲ್ಲಿ ಒಬ್ಬೊಬ್ಬರೇ ಕಟ್ಟುತ್ತಾರೆ. ನಾನು ಅಕ್ಕಪಕ್ಕದವರಿಗೆ ಹೇಳಿದೆ, "ತಡ್ಪೆ ಹಿಡಿದುಕೊಂಡೇ ಬನ್ನಿ." ತಡ್ಪೆ ಅಂದರೆ ಬೀಡಿ ಕಟ್ಟುವಾಗ ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರ. ಮೊದಲ ಸಲ ನಾಲ್ಕು ಜನ ಬಂದರು. ಜಗಲಿಯಲ್ಲಿ ಕಾಲು ಚಾಚಿ ಕೂತು, ತಡ್ಪೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಓದುತ್ತಾ ಹೋದೆ. ಎಲೆ ಸುರುಳುವ ಸದ್ದು, ನೂಲು ಸುತ್ತುವ ಬೆರಳು. ಕತೆಯ ಗಟ್ಟಿ ಜಾಗ ಬಂದಾಗ ಬೇಕೆಂದೇ ನಿಲ್ಲಿಸಿದೆ. ನಾಲ್ಕೂ ಜೊತೆ ಕೈ ನಿಂತವು.

"ಮತ್ತೆ ಎಂತ ಆಯ್ತು?"

"ಬರುವ ಬುಧವಾರ."

ಒಬ್ಬರಿಗೆ ಬುಧವಾರದವರೆಗೆ ಕಾಯಲಿಕ್ಕೆ ಆಗಲಿಲ್ಲ. "ಪುಸ್ತಕ ಕೊಡಿ ಅಕ್ಕ, ಮಗಳ ಹತ್ತಿರ ಓದಿಸಿಕೊಳ್ತೇನೆ" ಅಂದರು. ಅವರ ಹೆಸರು ಅದೇ ಸಂಜೆ ರಿಜಿಸ್ಟರಿಗೆ ಸೇರಿತು. ಒಂದು ಎಚ್ಚರಿಕೆ: ಹೊಗೆಸೊಪ್ಪಿನ ಪುಡಿ ಏಳುತ್ತದೆ, ಹಾಗಾಗಿ ಈ ಕಾರ್ಯಕ್ರಮ ಜಗಲಿಯಲ್ಲೇ ಇರಲಿ, ಮಕ್ಕಳ ದಿನಕ್ಕೆ ಬೇರೆ ವಾರ ಇಡಿ.

ಮಕ್ಕಳ ವಿಷಯ ಸುಲಭ. ಚಾಪೆ ಹಾಸಿ, ಅರ್ಧ ಗಂಟೆ ಸಾಕು, ಚಿತ್ರ ಅವರ ಕಡೆಗೆ ತಿರುಗಿಸಿ ಓದಿ. ಪುಸ್ತಕದ ಕನ್ನಡವನ್ನು ಹಾಗೆಯೇ ಓದಿ. ನಡುವಿನ ಮಾತುಕತೆ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಯಾವುದರಲ್ಲಾದರೂ ಬರಲಿ, ತಿದ್ದಬೇಡಿ. ಅದೇ ಪುಸ್ತಕ ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಓದಿ.

ಹದಿಹರೆಯದವರು ಬರುವುದಿಲ್ಲ ಅಂತ ಎಲ್ಲರದೂ ದೂರು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆ ಮೇಲಿರುವುದು ನಮಗೆ ಹೆಮ್ಮೆ. ಆ ಹೆಮ್ಮೆಯ ಭಾರ ಹೊರುವವರು ಈ ಮಕ್ಕಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ ಕೇಳಿ ಬಂದವರಿಗೆ ಇನ್ನೊಂದು ವ್ಯಕ್ತಿತ್ವ ವಿಕಸನದ ಭಾಷಣ ಯಾಕೆ? ಅವರ ಕೈಗೆ ಕೆಲಸ ಕೊಡಿ. ಹೊಸ ಪುಸ್ತಕದ ಪಟ್ಟಿ ಅವರೇ ಮಾಡಲಿ. ತುಳು ವಿಕಿಪೀಡಿಯ 2016ರಿಂದ ಉಂಟು. ಊರಿನ ಕೆರೆ, ಗುತ್ತಿನ ಮನೆ, ದೈವಸ್ಥಾನದ ಬಗ್ಗೆ ಅಜ್ಜಿಯನ್ನು ಕೇಳಿ, ನಮ್ಮ ಕಪಾಟಿನ ಪುಸ್ತಕ ನೋಡಿ ಹೋಲಿಸಿ, ಪುಸ್ತಕದ ಆಧಾರ ಸಿಕ್ಕಿದ್ದನ್ನು ಅಲ್ಲಿ ಬರೆಯಲಿ. ಮೇ ಕೊನೆಗೆ ಬರುವ ಪತ್ತನಾಜೆಯ ನಂತರ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆಗಾಲ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಕಾಲ. ವೇಷ ಬೇಡ, ರಂಗಸ್ಥಳ ಬೇಡ. ಒಂದು ಪ್ರಸಂಗದ ಒಂದು ವಾದ ತೆಗೆದುಕೊಂಡು ಇಬ್ಬರು ಹುಡುಗರೋ ಹುಡುಗಿಯರೋ ಎದುರುಬದುರು ಕೂತು ಅರ್ಥ ಹೇಳಲಿ. ಎದುರಾಳಿಗೆ ಉತ್ತರ ಕೊಡಬೇಕಾದರೆ ಓದಲೇಬೇಕು.

ಎಲ್ಲರೂ ಒಂದೇ ದಿನ ಸೇರಲೇಬೇಕು ಅಂದರೆ ತುಳುವರ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಒಂದು ಭಾನುವಾರ ಇಡಿ. ಅಜ್ಜಿಯರು ತಜಂಕ್ (ತಗಟೆ ಸೊಪ್ಪು), ತಿಮರೆ (ಒಂದೆಲಗ), ಕೆಸುವಿನ ಎಲೆ ತರಲಿ. ಚಿಕ್ಕವರು ಅದನ್ನು ಗಿಡಮೂಲಿಕೆಯ ಪುಸ್ತಕದ ಚಿತ್ರದಲ್ಲಿ ಹುಡುಕಲಿ. ಕಾಲೇಜಿನವರು ತುಳು, ಕನ್ನಡ ಎರಡೂ ಹೆಸರು ಕಾರ್ಡಿನಲ್ಲಿ ಬರೆದು ಅಂಟಿಸಲಿ. ಮೂರು ತಲೆಮಾರಿಗೂ ಕೆಲಸ ಉಂಟು.

ನೀವು ಕೇಳದೆ ಇದ್ದರೂ ಇನ್ನೊಂದು ಹೇಳಲೇಬೇಕು. ಕಪಾಟಿನ ಬೀಗ. ಎಷ್ಟೋ ಕಡೆ ಹೊಸ ಪುಸ್ತಕವನ್ನು ಬೀಗ ಹಾಕಿಟ್ಟಿರುವುದನ್ನು ನೋಡಿದ್ದೇನೆ. "ಹೋದರೆ ಯಾರು ಜವಾಬ್ದಾರಿ?" ಅಂತ ಕೇಳ್ತಾರೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಲೆಕ್ಕ ಕೊಡಬೇಕಾದವರು ಅವರೇ. ಆದರೆ ಪುಸ್ತಕ ಊರಿನವರ ದುಡ್ಡಿನದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. 2020ರಲ್ಲಿ ಶುರುವಾದ ಓದುವ ಬೆಳಕು ಯೋಜನೆಯಲ್ಲಿ ಪಂಚಾಯತ್ ಗ್ರಂಥಾಲಯದ ಸದಸ್ಯತ್ವ ಮಕ್ಕಳಿಗೆ ಉಚಿತ. ಸದಸ್ಯತ್ವ ಕೊಟ್ಟು ಪುಸ್ತಕ ಒಳಗಿಟ್ಟರೆ ಮಗು ಏನು ಮಾಡಬೇಕು?

ಹಾಗಾಗಿ ಕಾರ್ಯಕ್ರಮದ ದಿನ ಬೀಗ ತೆಗೆದಿಡಿ. ಬಾಗಿಲ ಹತ್ತಿರ ಒಂದು ಮೇಜು, ರಿಜಿಸ್ಟರು, ಪೆನ್ನು. ಹೊರಗೆ ಹೋಗುವ ಮಗುವಿನ ಕೈಯಲ್ಲಿ ಪುಸ್ತಕ ಇರಲಿ, ಹೆಸರೂ ಮನೆಯ ಗುರುತೂ ಬರೆದುಕೊಂಡರೆ ಸಾಕು. ಕೆಲವು ಪುಸ್ತಕ ವಾಪಸು ಬರುವುದಿಲ್ಲ. ಮಳೆಗೆ ಒದ್ದೆಯಾಗಿಯೂ ಬರುತ್ತವೆ. ಬಾರದ ಪುಸ್ತಕಗಳ ಹೆಸರನ್ನು ಬೇರೆಯಾಗಿ ಬರೆದಿಡಿ. ಮುಂದಿನ ಖರೀದಿಗೆ ಆ ಪಟ್ಟಿ ಬೇಕಾಗುತ್ತದೆ, ಅವುಗಳದ್ದೇ ಎರಡೆರಡು ಪ್ರತಿ ತರಿಸಿ.