ನೈಟ್ರಿಕ್ ಆಕ್ಸೈಡ್ ಮತ್ತು ಕಬ್ಬಿಣದ ಕಿಣ್ವಗಳು: ಗೊಂದಲ ಶುರುವಾದದ್ದೆಲ್ಲಿ?

ಒಂದು ಕಿಣ್ವವನ್ನು ನೂರಾರು ಪಟ್ಟು ಚುರುಕಾಗಿಸುವ ನೈಟ್ರಿಕ್ ಆಕ್ಸೈಡ್ ಅನಿಲವೇ ಇನ್ನೊಂದನ್ನು ನಿಲ್ಲಿಸಿಬಿಡುತ್ತದೆ. ಎದೆನೋವಿನ ಔಷಧಿ ನೈಟ್ರೋಗ್ಲಿಸರಿನ್ ಕೆಲಸ ಮಾಡುವುದು ನೈಟ್ರಿಕ್ ಆಕ್ಸೈಡ್ ಮೂಲಕ ಎಂಬ ಸುಳಿವು 1977ರಲ್ಲಿ ಸಿಕ್ಕಿತು. 1987ರಲ್ಲಿ ರಕ್ತನಾಳದ ಒಳಪದರವೇ ಅದನ್ನು ತಯಾರಿಸುತ್ತದೆಂದು ತಿಳಿಯಿತು. 1998ರಲ್ಲಿ ನೊಬೆಲ್ ಬಂತು. ಇಲ್ಲಿ ಚುರುಕಾಗುವ ಕಿಣ್ವ ಗ್ವಾನಿಲೇಟ್ ಸೈಕ್ಲೇಸ್. ಅದರಲ್ಲಿ ಹೀಮ್ ಎಂಬ ಉಂಗುರದಂಥ ಅಣುವಿನ ನಡುವೆ ಕಬ್ಬಿಣವಿದೆ; ಅದನ್ನು ಪ್ರೋಟೀನಿನ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವೊಂದು ಹಿಡಿದಿರುತ್ತದೆ. ನೈಟ್ರಿಕ್ ಆಕ್ಸೈಡ್ ಬಂದು ಕೂತರೆ ಆ ಹಿಡಿತ ಬಿಡುತ್ತದೆ, ಕಿಣ್ವ ಚುರುಕಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೂತರೆ ಹಿಡಿತ ಬಿಡದು. ಚುರುಕು ಕೆಲವೇ ಪಟ್ಟು.

ಕೋಶದ ಉಸಿರಾಟದಲ್ಲಿ ಆಮ್ಲಜನಕ ಬಳಸುವ ಕಿಣ್ವ ಸೈಟೋಕ್ರೋಮ್ ಆಕ್ಸಿಡೇಸ್‌ನದು ಬೇರೆ ದಾರಿ. ಆಮ್ಲಜನಕ ಕೂರಬೇಕಾದ ಜಾಗಕ್ಕೇ ನೈಟ್ರಿಕ್ ಆಕ್ಸೈಡ್ ಪೈಪೋಟಿಗೆ ಬರುತ್ತದೆ. ನ್ಯಾನೋಮೋಲಾರ್ ಪ್ರಮಾಣವೇ ಸಾಕು, ಅನಿಲ ಹೋದರೆ ಕಿಣ್ವ ಮತ್ತೆ ಎಚ್ಚರಗೊಳ್ಳುತ್ತದೆ ಎಂದು 1994ರಲ್ಲಿ ಗೊತ್ತಾಯಿತು.

ನಿಜವಾದ ಸಿಕ್ಕು ಸಿಟ್ರೇಟ್ ಮೇಲೆ ಕೆಲಸ ಮಾಡುವ ಕಿಣ್ವ ಅಕೋನಿಟೇಸ್‌ನದು. ಇದರಲ್ಲಿ ಹೀಮ್ ಇಲ್ಲ. ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಗೊಂಚಲಿದೆ. ಅದರ ಒಂದು ಕಬ್ಬಿಣಕ್ಕೆ ಪ್ರೋಟೀನಿನ ಆಸರೆಯಿಲ್ಲ. ಸಿಟ್ರೇಟ್ ಅಂಟುವುದೂ ಅದಕ್ಕೇ, ಮೊದಲು ಉದುರುವುದೂ ಅದೇ. 1980ರ ದಶಕದ ಕೊನೆಗೆ, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳಲ್ಲಿ ಈ ಕಿಣ್ವ ಸೋಲುವುದು ನೈಟ್ರಿಕ್ ಆಕ್ಸೈಡ್‌ನಿಂದಲೇ ಎಂಬ ನಂಬಿಕೆಯಿತ್ತು. 1994ರಲ್ಲಿ ತಕರಾರು ಎದ್ದಿತು: ಕಿಣ್ವವನ್ನು ಬೇಗ ಕೆಡಿಸುವುದು ಈ ಅನಿಲವಲ್ಲ, ಇದು ಆಮ್ಲಜನಕದ ಚುರುಕು ರೂಪವಾದ ಸೂಪರಾಕ್ಸೈಡ್ ಜೊತೆ ಸೇರಿ ಆಗುವ ಪೆರಾಕ್ಸಿನೈಟ್ರೈಟ್. ಸಿಟ್ರೇಟ್ ಇದ್ದರೆ ಅದರ ಹೊಡೆತದಿಂದಲೂ ಕಿಣ್ವಕ್ಕೆ ರಕ್ಷಣೆ. ಅಂದರೆ ಕಿಣ್ವವನ್ನು ಶೇಖರಿಸಿಟ್ಟ ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಉಳಿದ ಸಿಟ್ರೇಟ್ ಕೂಡ ಫಲಿತಾಂಶ ಬದಲಿಸಬಲ್ಲದು. ನೈಟ್ರಿಕ್ ಆಕ್ಸೈಡ್ ಒಂದೇ ಇದ್ದರೂ ನಿಧಾನವಾಗಿ, ಹಿಂತಿರುಗಬಲ್ಲ ರೀತಿಯಲ್ಲಿ ಕಿಣ್ವವನ್ನು ತಡೆಯಬಲ್ಲದೆಂದು ಆಮೇಲೆ ತಿಳಿಯಿತು. ಆದ್ದರಿಂದ ಹಳೆಯ ಪ್ರಬಂಧ ಓದುವಾಗ ತೀರ್ಮಾನಕ್ಕಿಂತ ಮೊದಲು ವಿಧಾನದ ಭಾಗ ನೋಡುವುದು ಲೇಸು.

ಅಲ್ಲಿ ನೋಡಬೇಕಾದ್ದು ಅನಿಲ ಹಾಕಿದ ಬಗೆ. ನೀರಿನಲ್ಲಿ ಇನ್ನು ಕರಗದಷ್ಟು ತುಂಬಿಸಿದರೆ 25 ಡಿಗ್ರಿಯಲ್ಲಿ ಸುಮಾರು 1.9 ಮಿಲಿಮೋಲಾರ್ ಸಿಗುತ್ತದೆ. ಮೊದಲು ಆರ್ಗಾನ್ ಹಾಯಿಸಿ ಆಮ್ಲಜನಕ ಓಡಿಸಬೇಕು, ಅನಿಲವನ್ನು ಕ್ಷಾರದ ಮೂಲಕ ತೊಳೆದು ನೈಟ್ರೋಜನ್ ಡೈಆಕ್ಸೈಡ್ ತೆಗೆಯಬೇಕು. ಗಾಳಿ ಸೋಕಿದರೆ ಉಳಿಯುವುದು ನೈಟ್ರೈಟ್. ಪ್ರಮಾಣ ಹತ್ತು ಪಟ್ಟು ಏರಿದರೆ ಅರ್ಧಾಯುಷ್ಯ ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಹಾಗಾಗಿ ಒಮ್ಮೆಲೇ ಸುರಿಯುವುದಕ್ಕಿಂತ ನಿಧಾನವಾಗಿ ಬಿಡುವ ದಾನಿ ಸಂಯುಕ್ತಗಳೇ ವಾಸಿ: 37 ಡಿಗ್ರಿ, ಪಿಎಚ್ 7.4ರಲ್ಲಿ ಡಿಇಎ ನೊನೊಯೇಟ್‌ನ ಅರ್ಧಾಯುಷ್ಯ ಸುಮಾರು 2 ನಿಮಿಷ, ಡಿಇಟಿಎಯದು 20 ಗಂಟೆ. ಅವುಗಳ ದ್ರಾವಣವನ್ನು ಕ್ಷಾರದಲ್ಲೇ ಮಾಡಿಡಬೇಕು. ಮಾಮೂಲಿ ಬಫರ್‌ಗೆ ಹಾಕಿದ ಕ್ಷಣದಿಂದಲೇ ಒಡೆಯತೊಡಗುತ್ತವೆ. ಸೋಡಿಯಂ ನೈಟ್ರೋಪ್ರುಸೈಡ್ ಬಳಸಿದ ಪ್ರಯೋಗವಾದರೆ ಇನ್ನಷ್ಟು ಎಚ್ಚರ ಬೇಕು, ಅದು ಸಯನೈಡನ್ನೂ ಬಿಡುತ್ತದೆ. ಸಯನೈಡ್ ತಾನೇ ಸೈಟೋಕ್ರೋಮ್ ಆಕ್ಸಿಡೇಸನ್ನು ಕಟ್ಟಿಹಾಕುತ್ತದೆ. ಪರಿಣಾಮ ಅನಿಲದ್ದೋ ದಾನಿಯ ಉಳಿಕೆಯದ್ದೋ ತಿಳಿಯಲು, ಅನಿಲವೆಲ್ಲ ಬಿಟ್ಟು ಮುಗಿಸಿದ ಅದೇ ದಾನಿಯನ್ನು, ಅದೇ ಪ್ರಮಾಣದಲ್ಲಿ, ಪಕ್ಕದ ಕುವೆಟ್‌ಗೆ (ಅಳತೆಯ ಪುಟ್ಟ ಪಾತ್ರೆ) ಹಾಕಿ ಹೋಲಿಸಿದ್ದಾರೆಯೇ ಎಂಬುದನ್ನೂ ಹುಡುಕಬೇಕು.