ಸಹಿ ಹಾಕಿದವನು ಸಿಕ್ಕಿಬಿದ್ದ, ಫೋನ್ ಮಾಡಿದವರು?

ನಮ್ಮ ಬ್ಯಾಂಕಿಗೆ ಬಂದ ಗೃಹಸಾಲದ ಫೈಲಿನಲ್ಲಿದ್ದ ಫೋಟೋದಲ್ಲಿ ಎರಡಂತಸ್ತಿನ ಮನೆ. ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ವರದಿಯಲ್ಲೂ ಅದೇ. ಮಾರ್ಚ್ ಕೊನೆಯ ವಾರ, ಸ್ಕೂಟರ್ ಹತ್ತಿ ಹೋಗಿ ನೋಡಿದೆ. 30x40 ಸೈಟಿನಲ್ಲಿ ಇದ್ದದ್ದು ಪಾಯ ಮಾತ್ರ, ಮೂಲೆಯಲ್ಲಿ ಒಂದು ಲೋಡು ಜಲ್ಲಿ. ಬ್ರಾಂಚಿಗೆ ವಾಪಸ್ ಬಂದು ಹೇಳಿದರೆ ಮೇಲಿನವರ ಫೋನು: "ಟಾರ್ಗೆಟ್ ಮುಗೀಬೇಕು ರೀ. ಮನೆ ಹೇಗೂ ಏಳುತ್ತೆ, ಸ್ಯಾಂಕ್ಷನ್ ಮಾಡಿ."

ನಾನು ಸಹಿ ಹಾಕಲಿಲ್ಲ. ಅಂಥದೇ ಇನ್ನೊಂದು ಫೈಲಿಗೆ ಪಕ್ಕದ ಮೇಜಿನ ಹುಡುಗ ಹಾಕಿದ. ಕಂತು ನಿಂತು ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಯಿತು. ಚಾರ್ಜ್‌ಶೀಟ್ ಬಂದದ್ದು ಅವನಿಗೆ. ಫೋನ್ ಮಾಡಿದವರು ಅಷ್ಟರಲ್ಲಿ ಪ್ರಮೋಷನ್ ಮೇಲೆ ಬೇರೆ ಊರಿಗೆ ಹೋಗಿದ್ದರು. ನಮ್ಮಲ್ಲಿ ಇದಕ್ಕೆ ಸ್ಟಾಫ್ ಅಕೌಂಟಬಿಲಿಟಿ ಅಂತಾರೆ. ಅದು ಸಹಿ ಎಲ್ಲಿದೆ ಅಂತ ನೋಡುತ್ತೆ, ಒತ್ತಡ ಎಲ್ಲಿಂದ ಬಂತು ಅಂತ ಕೇಳೋದು ಕಡಿಮೆ.

ಅಮೆರಿಕದಲ್ಲೂ ಈ ಗಂಟು ಬಿಚ್ಚಲಿಲ್ಲ. ಅಲ್ಲಿನ ದೊಡ್ಡ ಗೃಹಸಾಲ ಕಂಪನಿ ಕಂಟ್ರಿವೈಡ್ 2007ರಲ್ಲಿ 'ಹೈ ಸ್ಪೀಡ್ ಸ್ವಿಮ್ ಲೇನ್' ಎಂಬ ಪದ್ಧತಿ ತಂದಿತು. ಅರ್ಜಿ ಅಳೆದು ನೋಡುವ ಅನುಭವಿ ಅಂಡರ್‌ರೈಟರ್‌ಗಳನ್ನು ಎಷ್ಟೋ ಸಾಲಗಳಿಂದ ದೂರವಿಟ್ಟು, ಆ ಕೆಲಸವನ್ನು ಕಾಗದಪತ್ರ ಜೋಡಿಸುವವರಿಗೆ ಕೊಟ್ಟರು. ಬೋನಸ್ಸು ಎಷ್ಟು ಸಾಲ ದಾಟಿಸಿದರು ಅನ್ನೋದರ ಮೇಲೆ. ಆ ಸಾಲಗಳನ್ನು, ಒಳ್ಳೆಯವೇ ಎಂದು ಒಪ್ಪಂದದಲ್ಲಿ ಮಾತು ಕೊಟ್ಟು, ಗೃಹಸಾಲಗಳನ್ನು ಕೊಳ್ಳುವ ಸಂಸ್ಥೆಗಳಾದ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್‌ಗೆ ಮಾರಿದರು. ಕಂಪನಿಯನ್ನು ಕೊಂಡಿದ್ದ ಬ್ಯಾಂಕ್ ಆಫ್ ಅಮೆರಿಕದ ಜೊತೆಗೆ ಒಬ್ಬ ಹಿರಿಯ ಅಧಿಕಾರಿಯೂ ವಂಚನೆಗೆ ಹೊಣೆ ಎಂದು 2013ರಲ್ಲಿ ಜ್ಯೂರಿ ಹೇಳಿತು. ಮರುವರ್ಷ ಆ ಅಧಿಕಾರಿಗೆ 10 ಲಕ್ಷ ಡಾಲರ್ ದಂಡ. 2016ರಲ್ಲಿ ಮೇಲ್ಮನವಿ ಕೋರ್ಟ್ ಎಲ್ಲವನ್ನೂ ರದ್ದು ಮಾಡಿತು. ಒಪ್ಪಂದ ಮಾಡಿಕೊಳ್ಳುವಾಗಲೇ ಮೋಸದ ಉದ್ದೇಶ ಇತ್ತೆಂದು ತೋರಿಸದಿದ್ದರೆ, ಆಮೇಲೆ ಮಾತು ತಪ್ಪಿದ್ದಷ್ಟೇ ವಂಚನೆ ಆಗೋದಿಲ್ಲ ಎಂದಿತು. ಕಾನೂನಿನ ಲೆಕ್ಕಕ್ಕೆ ಸರಿ ಇರಬಹುದು. ನನಗಂತೂ ಸಮಾಧಾನ ಇಲ್ಲ.

ಕಂಟ್ರಿವೈಡ್ ಮುಖ್ಯಸ್ಥ ಆ್ಯಂಜೆಲೊ ಮೊಜಿಲೊ ತಮ್ಮದೇ ಒಂದು ಬಗೆಯ ಸಾಲವನ್ನು 2006ರ ಇಮೇಲ್‌ನಲ್ಲಿ ವಿಷ ಎಂದು ಕರೆದಿದ್ದರು. ಬೇರೊಂದು ಕೇಸಿನಲ್ಲಿ 2010ರಲ್ಲಿ ತಪ್ಪು ಒಪ್ಪಿಕೊಳ್ಳದೆ 6.75 ಕೋಟಿ ಡಾಲರ್‌ಗೆ ರಾಜಿಯಾದರು. ಅದರಲ್ಲೂ ಒಂದು ಪಾಲು ಕೊಟ್ಟದ್ದು ಬ್ಯಾಂಕು. ಜೈಲು ಆಗಲಿಲ್ಲ.

ಆದರೂ ಅಲ್ಲಿ ಇಮೇಲ್ ಆದರೂ ಉಳಿದಿತ್ತು. ನಮ್ಮಲ್ಲಿ ಎಲ್ಲಾ ಬಾಯಿಮಾತು, ಅಲ್ವಾ? ಸರ್ಕಾರಿ ಬ್ಯಾಂಕಿನ ಎಷ್ಟೋ ಕಿರಿಯ ಅಧಿಕಾರಿಗಳಿಗೆ ಗೊತ್ತಿಲ್ಲದ ಒಂದು ಮಾತು ಅವರದೇ ನಡತೆ ನಿಯಮದಲ್ಲಿದೆ: ಮೇಲಧಿಕಾರಿಯ ಆದೇಶ ಸಾಮಾನ್ಯವಾಗಿ ಬರಹದಲ್ಲೇ ಇರಬೇಕು. ಬಾಯಲ್ಲಿ ಹೇಳಲೇಬೇಕಾಗಿ ಬಂದರೆ, ಹೇಳಿದವರೇ ಆಮೇಲೆ ಬರೆದು ಖಚಿತಪಡಿಸಬೇಕು.

ಆವತ್ತು ಫೋನ್ ಇಟ್ಟ ಮೇಲೆ ನಾನು ಮಾಡಿದ್ದು ಇಷ್ಟೇ. ಒಂದು ಮೇಲ್ ಬರೆದೆ: "ತಾವು ಈಗ ಫೋನಿನಲ್ಲಿ ಮಂಜೂರು ಮಾಡಲು ತಿಳಿಸಿದ್ದೀರಿ. ಸ್ಥಳದಲ್ಲಿ ಪಾಯ ಮಾತ್ರ ಇದೆ. ದಯವಿಟ್ಟು ಬರಹದಲ್ಲಿ ಆದೇಶ ಕೊಡಿ." ಉತ್ತರ ಬರಲಿಲ್ಲ. ಆ ಫೈಲಿನ ಬಗ್ಗೆ ಮತ್ತೆ ಫೋನೂ ಬರಲಿಲ್ಲ. ಪಕ್ಕದ ಮೇಜಿನ ಹುಡುಗನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ ಅನ್ನೋದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.