ಬೆಲ್ಟಿನಿಂದ ಜರಡಿಗೆ: ನಾಲ್ಕಡಿಯ ರಗಳೆ

ಕುಶಾಲನಗರದ ಆಚೆ ಒಂದು ಜಲ್ಲಿ ಕ್ರಷರ್‌ನಲ್ಲಿ ಕಳೆದ ಬೇಸಿಗೆಯಲ್ಲಿ ಜರಡಿಯ ಬಲೆ ಬಿಚ್ಚುವುದನ್ನು ನೋಡುತ್ತ ನಿಂತಿದ್ದೆ. ಬಲಗಡೆ ತಂತಿ ಸವೆದು ಸವೆದು ಎರಡು ಕಡೆ ಹರಿದಿತ್ತು. ಎಡಗಡೆ ಒಂದು ಮೊಳದಷ್ಟು ಅಗಲಕ್ಕೆ ತುಕ್ಕು ಹಿಡಿದದ್ದು ಬಿಟ್ಟರೆ ಕಲ್ಲು ತಾಗಿದ ಗುರುತೂ ಇಲ್ಲ. "ಬಲೆ ಮಾರಿದವನು ಮೋಸ ಮಾಡಿದ್ದಾನೆ ಸಾರ್" ಎಂದರು ಆಪರೇಟರ್. ಬಲೆಯದು ತಪ್ಪಿರಲಿಲ್ಲ. ಅದರ ಮೇಲೆ ನಾಲ್ಕಡಿ ಎತ್ತರದಲ್ಲಿ, ಕಲ್ಲು ಹೊತ್ತು ತರುವ ಬೆಲ್ಟು ಸುರಿಯುತ್ತಿದ್ದ ರೀತಿಯದು ತಪ್ಪು.

ಕೊಡಗಿನಲ್ಲಿ ಅದಿರಿನ ಗಣಿ ಇಲ್ಲ. ಆದರೆ ಬಳ್ಳಾರಿ, ಸಂಡೂರಿನ ಅದಿರು ಘಟಕಗಳಿಗೂ ನಮ್ಮ ಜಲ್ಲಿ ಕ್ರಷರ್‌ಗಳಿಗೂ ಇದು ಒಂದೇ ರಗಳೆ: ಕಿರಿದಾದ ಬೆಲ್ಟಿನಿಂದ ಬೀಳುವುದನ್ನು ಅಗಲವಾದ ಜರಡಿಯ ಮೇಲೆ ಸಮನಾಗಿ ಹರಡುವುದು ಹೇಗೆ? ಕಾಫಿ ಒಣಗಿಸಿದವರಿಗೆ ಇದರ ಅರ್ಧ ಉತ್ತರ ಗೊತ್ತೇ ಇದೆ. ಚೀಲದ ಬಾಯಿ ಬಿಚ್ಚಿ ಕಣಕ್ಕೆ ಸುರಿದ ಚೆರ್ರಿ ತಾನಾಗಿ ಹರಡುವುದಿಲ್ಲ, ಗುಡ್ಡೆಯಾಗಿ ಕೂರುತ್ತದೆ. ಹಲಗೆ ಹಿಡಿದು ಯಾರಾದರೂ ಎಳೆಯಬೇಕು.

ಹಿಂದೆ ಗಣಿಗಳಲ್ಲೂ ಆ "ಯಾರಾದರೂ" ಇದ್ದರು. 18 ಮತ್ತು 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ತಾಮ್ರದ ಗಣಿಗಳಲ್ಲಿ ಅದಿರು ಒಡೆಯುವುದು, ಆರಿಸುವುದು, ಜಾಲಿಸುವುದು ಹೆಂಗಸರ, ಹುಡುಗಿಯರ ಕೆಲಸವಾಗಿತ್ತು. ನಮ್ಮ ಕಾಫಿ ಘಟ್ಟ ಇಳಿದು ಮಂಗಳೂರು, ತಲಶ್ಶೇರಿಯ, ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲಿ ಸಾಲಾಗಿ ಕೂತು ಬೀಜ ಆರಿಸುತ್ತಿದ್ದವರೂ ಹೆಂಗಸರೇ. ಸಲಿಕೆಯಿಂದಲೋ ಮೊರದಿಂದಲೋ ಜರಡಿಗೆ ಹಾಕುವ ಕೈ ಖಾಲಿ ಜಾಗ ನೋಡಿಯೇ ಹಾಕುತ್ತದೆ. ಹಾಗಾಗಿ ಇದೊಂದು ಸಮಸ್ಯೆ ಎಂದು ಯಾರಿಗೂ ಅನಿಸಿರಲಿಲ್ಲ.

ಕೈಯ ಜಾಗಕ್ಕೆ ಬೆಲ್ಟು ಬಂದ ಮೇಲೆ ಕಥೆ ಬದಲಾಯಿತು. 1890ರ ದಶಕದಲ್ಲಿ ಥಾಮಸ್ ಎಡಿಸನ್ ಅಮೆರಿಕದ ನ್ಯೂಜೆರ್ಸಿಯ ಆಗ್ಡೆನ್ಸ್‌ಬರ್ಗ್ ಬಳಿ ಬಡ ಕಬ್ಬಿಣದ ಅದಿರನ್ನು ಪುಡಿಮಾಡಿ ಅಯಸ್ಕಾಂತದಿಂದ ಬೇರ್ಪಡಿಸುವ ಭಾರೀ ಘಟಕ ನಡೆಸುತ್ತಿದ್ದರು. ಬಲ್ಬಿನ ಎಡಿಸನ್ನೇ. ಅಲ್ಲಿನ ಬೆಲ್ಟುಗಳು ಬೇಗ ಸವೆದು ಹರಿದುಹೋಗುತ್ತಿದ್ದವು. ಥಾಮಸ್ ರಾಬಿನ್ಸ್ ಎಂಬ ಯುವಕ ಅದಿರು ಉಜ್ಜುವ ಮೈಗೆ ದಪ್ಪ ರಬ್ಬರಿನ ಹೊದಿಕೆ ಹಾಕಿದ, ಬೆಲ್ಟು ದೋಣಿಯಂತೆ ಬಾಗಿ ಓಡುವಂತೆ ಕೆಳಗೆ ರೋಲರ್‌ಗಳನ್ನು ಜೋಡಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂತು. ಮಿನೆಸೋಟಾದ ಅಗ್ಗದ ಅದಿರಿನ ಮುಂದೆ ಎಡಿಸನ್ ಘಟಕ ಮುಚ್ಚಿಹೋಯಿತು, ದೋಣಿ ಬೆಲ್ಟು ಮಾತ್ರ ಜಗತ್ತೆಲ್ಲ ಹರಡಿತು. ಅದು ದೋಣಿಯಾದದ್ದೇ ಅದಿರು ಚೆಲ್ಲದೆ ನಡುವೆ ಗುಡ್ಡೆಯಾಗಿ ಕೂರಲಿ ಎಂದು. ಜರಡಿಗೆ ಬೇಕಾದದ್ದು ನೇರ ಅದರ ಉಲ್ಟಾ.

ಆಮೇಲೆ ಎರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದವು. ಬೆಲ್ಟಿನಿಂದ ಹೆಚ್ಚು ಮಾಲು ಬೇಕಾದರೆ ವೇಗ ಹೆಚ್ಚಿಸಿದರೂ ಆಯಿತು. ಜರಡಿಗೆ ಆ ಉಪಾಯವಿಲ್ಲ, ಹೆಚ್ಚು ಮಾಲು ಹಿಡಿಯಲು ಅಗಲವೇ ಬೇಕು. ಹೀಗಾಗಿ ಇಂದು 1,200 ಮಿ.ಮೀ. ಬೆಲ್ಟು 2,400 ಮಿ.ಮೀ. ಅಗಲದ ಜರಡಿಗೆ ಸುರಿಯುವುದು ಸಾಮಾನ್ಯ. ಬೆಲ್ಟಿನ ಮೇಲೆ ಅದಿರು ಕೂರುವುದೂ ಪೂರ್ತಿ ಅಗಲಕ್ಕಲ್ಲ, 800-900 ಮಿ.ಮೀ. ಅಷ್ಟೇ. ಅಂದರೆ ದುಡ್ಡು ಕೊಟ್ಟು ತಂದ ಜರಡಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸುಮ್ಮನೆ ಅಲ್ಲಾಡುತ್ತಿರುತ್ತದೆ. ಜರಡಿಯ ಕೊನೆಯಲ್ಲಿ ಮಾಲಿನ ದಪ್ಪ ತೂತಿನ ಅಳತೆಯ ನಾಲ್ಕು ಪಟ್ಟು ಮೀರಬಾರದು ಎಂಬುದು ಈ ಕಸುಬಿನ ರೂಢಿಯ ಲೆಕ್ಕ. ಎಲ್ಲವೂ ನಡುವೆಯೇ ಬಿದ್ದರೆ ಆ ಲೆಕ್ಕ ಎಲ್ಲಿ ಉಳಿಯುತ್ತದೆ?

ಇಳಿಜಾರಿನ ತಗಡೊಂದನ್ನು ಬೀಸಣಿಗೆಯಂತೆ ಅಗಲ ಮಾಡಿಟ್ಟರೆ ಸಾಕು ಎಂದು ಎಲ್ಲರಿಗೂ ಮೊದಲು ತೋಚುತ್ತದೆ. ನನಗೂ ತೋಚಿತ್ತು. ಆದರೆ ಅದಿರು ನೀರಲ್ಲ. ಇಳಿಜಾರಿನಲ್ಲಿ ನೇರ ಕೆಳಕ್ಕೆ ಜಾರುತ್ತದೆ, ಪಕ್ಕಕ್ಕೆ ಹೋಗಲು ಅದಕ್ಕೆ ಕಾರಣವೇ ಇಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ರೋಲರ್‌ಗಳ ಮೇಲೆ ಬೆಲ್ಟು ಕುಲುಕುತ್ತ ಬರುವಾಗ ಪುಡಿ ಸಂದಿಗಳಲ್ಲಿ ಇಳಿದು ತಳಕ್ಕೆ ಸೇರುತ್ತದೆ, ದಪ್ಪ ಕಲ್ಲುಗಳು, ಅಂದರೆ ಗಟ್ಟಿ, ಮೇಲೆ ಉಳಿಯುತ್ತವೆ. ಡಬ್ಬಿ ಕುಲುಕಿದರೆ ಮಿಕ್ಸ್ಚರಿನ ಕಡಲೆಬೀಜ ಮೇಲೆ ಬರುವುದಿಲ್ಲವೇ, ಹಾಗೆ. ಭೌತವಿಜ್ಞಾನಿಗಳು 1987ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಬ್ರೆಜಿಲ್ ನಟ್ ಎಂಬ ದೊಡ್ಡ ಬೀಜದ ಹೆಸರಿನಲ್ಲಿ ಪ್ರಬಂಧ ಬರೆದರು. ಬೆಲ್ಟಿನ ತುದಿಯಲ್ಲಿ ಮೇಲಿದ್ದ ಗಟ್ಟಿ ದೂರಕ್ಕೆ ಹಾರುತ್ತದೆ, ತಳದ ಪುಡಿ ಹತ್ತಿರವೇ ಬೀಳುತ್ತದೆ. ಬೆಲ್ಟು ಜರಡಿಗೆ ಅಡ್ಡಲಾಗಿ ಬಂದರೆ ಒಂದು ಪಕ್ಕಕ್ಕೆ ಬರೀ ಗಟ್ಟಿ, ಇನ್ನೊಂದು ಪಕ್ಕಕ್ಕೆ ಬರೀ ಪುಡಿ. ನಮ್ಮ ಕ್ರಷರಿನ ಬಲೆ ಹರಿದದ್ದು ಗಟ್ಟಿ ಬೀಳುವ ಪಕ್ಕದಲ್ಲೇ.

ಬಳ್ಳಾರಿ ಕಡೆಯವರಿಗೆ ಇದು ಬಲೆಯ ಖರ್ಚಿಗೆ ಮುಗಿಯುವುದಿಲ್ಲ. ಅಲ್ಲಿ ಸಾಮಾನ್ಯವಾಗಿ 10 ಮಿ.ಮೀ.ಗಿಂತ ದೊಡ್ಡದು ಲಂಪ್, ಸಣ್ಣದು ಫೈನ್ಸ್. ಎರಡಕ್ಕೂ ದರ ಬೇರೆ. ಲಂಪ್ ನೇರ ಊದುಕುಲುಮೆಗೆ ಹೋಗುತ್ತದೆ, ಫೈನ್ಸನ್ನು ಮೊದಲು ಸಿಂಟರ್ ಮಾಡಬೇಕು, ಅಂದರೆ ಕಾಯಿಸಿ ಗಟ್ಟಿ ಕಟ್ಟಿಸಬೇಕು. ಜರಡಿ ಒಂದೇ ಕಡೆ ತುಂಬಿದರೆ ಫೈನ್ಸು ಲಂಪ್ ಜೊತೆ ಸವಾರಿ ಹೊರಡುತ್ತದೆ.

ಕೊನೆಗೆ ಉಳಿದುಕೊಂಡ ಉಪಾಯಗಳೆಲ್ಲದರ ಗುಟ್ಟು ಒಂದೇ: ಮೊದಲು ನಿಲ್ಲಿಸು, ಆಮೇಲೆ ಹರಡು. ಜರಡಿಯ ತಲೆಗೆ ಅದರಷ್ಟೇ ಅಗಲದ ಡಬ್ಬಿ ಕೂರಿಸಿದರೆ ಬಿದ್ದ ಅದಿರು ಅಲ್ಲಿ ವೇಗ ಕಳೆದುಕೊಂಡು ತುಂಬಿ, ಅಂಚಿನಿಂದ ತುಳುಕುತ್ತದೆ. ಕಲ್ಲಿನ ಮೇಲೆ ಕಲ್ಲೇ ಬೀಳುವುದರಿಂದ ತಗಡೂ ಉಳಿಯುತ್ತದೆ. ನಡುವಿನ ಗುಡ್ಡೆ ಸೀಳಲು ಓರೆ ಪಟ್ಟಿಗಳನ್ನು ಬೆಸೆಯುವುದುಂಟು. ಖರ್ಚು ತಾಳಿಕೊಳ್ಳುವವರು ಬೆಲ್ಟಿಗೂ ಜರಡಿಗೂ ನಡುವೆ ಫೀಡರ್, ಅಂದರೆ ಕಂಪಿಸುತ್ತ ಅದಿರನ್ನು ಜರಡಿಗೆ ನೂಕುವ ಅಗಲವಾದ ತಟ್ಟೆ, ಹಾಕುತ್ತಾರೆ, ಇದ್ದುದರಲ್ಲಿ ಇದೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಪಟ್ಟಿ ಎಲ್ಲಿ, ಎಷ್ಟು ಓರೆ ಎಂಬುದು ಬಹುಕಾಲ ಮೇಸ್ತ್ರಿಯ ಅಂದಾಜಿನಲ್ಲೇ ನಡೆಯಿತು. ಒಂದೊಂದು ಕಲ್ಲಿನ ಚಲನೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವ ಗಣಿತದ ವಿಧಾನವನ್ನು ಕಂಡಲ್ ಮತ್ತು ಸ್ಟ್ರ್ಯಾಕ್ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದರು. ಈಗ ದೊಡ್ಡ ಕಂಪನಿಗಳು ತಗಡು ಕತ್ತರಿಸುವ ಮೊದಲು ಅದನ್ನೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತವೆ.

ಕೂಡ್ಲೂರಿನ ಕೈಗಾರಿಕಾ ಬಡಾವಣೆಯ ಕ್ಯೂರಿಂಗ್ ಘಟಕಗಳಲ್ಲೂ ಬೀಜವನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಗ್ರೇಡರ್ ನಡೆಸುವವರಿಗೆ ಇದು ಹೊಸತಲ್ಲ. ಅಲ್ಲಿ ಜರಡಿ ನಂಬರು ಅಂದರೆ ಇಂಚಿನ 64ನೇ ಒಂದು ಭಾಗದ ಲೆಕ್ಕ. 18ನೇ ನಂಬರಿನ ತೂತು ಸುಮಾರು 7.1 ಮಿ.ಮೀ. ಬೀಜ ದಪ್ಪವಾಗಿ ಬಿದ್ದರೆ ಸಣ್ಣ ಬೀಜ ತೂತು ಕಾಣದೆ ದಪ್ಪ ಬೀಜದ ಡಬಲ್ ಎ ದರ್ಜೆಯ ಜೊತೆಗೇ ಹೋಗುತ್ತದೆ.

ಕ್ರಷರಿನಲ್ಲಿ ಎರಡು ದಿನ ಕೂತು ಡಬ್ಬಿ ಬೆಸೆದರು, ಓರೆ ಪಟ್ಟಿಗಳಾಗಿ ಕಬ್ಬಿಣದ ಆಂಗಲ್ ತುಂಡು ಮೂರು ಒಳಗೆ ಕೊಟ್ಟರು. ಬಲೆಯ ಎಡಗಡೆಯ ತುಕ್ಕು ವಾರದಲ್ಲಿ ಹೊಳಪಾಯಿತು. ಜೂನ್ ಮೊದಲ ಮಳೆಗೆ ಒದ್ದೆ ಪುಡಿ ಡಬ್ಬಿಯ ಮೂಲೆಗೆ ಸಿಮೆಂಟಿನಂತೆ ಕಚ್ಚಿ, ಕಲ್ಲು ಮತ್ತೆ ಬಲಕ್ಕೆ ವಾಲಿತು. ಈಗ ಬೆಳಿಗ್ಗೆ ಮೆಷಿನ್ ಹಾಕುವ ಮೊದಲು ಹುಡುಗನೊಬ್ಬ ಹಾರೆ ಹಿಡಿದು ಹತ್ತಿ ಆ ಮೂಲೆಯನ್ನು ಕೆರೆಯುತ್ತಾನೆ.